ಎರಕದ ಮನೆಯ ಹುಡುಗ

(ಬಾನುಲಿ ಭಾಷಣ)

ಸಂಜೆಯ ಹೊತ್ತು ರೇಡಿಯೋದ ಗುಂಡಿ ತಿರುಗಿಸುತ್ತೇವೆ. ನೂರಾರು ಮೈಲಿಗಳಾಚೆ ಕುಳಿತ ಯಾರದೋ ದನಿ ನಮ್ಮ ಪಡಸಾಲೆಗೆ ಬಂದು, ಮನೆಯವರಲ್ಲಿ ಒಬ್ಬರಂತೆ ಮಾತನಾಡತೊಡಗುತ್ತದೆ. ಇದರಲ್ಲಿ ಈಗ ಯಾರಿಗೂ ಸೋಜಿಗವಿಲ್ಲ. ಆದರೆ ಈ ಸೋಜಿಗವೂ ಒಂದು ದಿನ, ಒಂದು ಕಡೆ ಮೊದಲಾಗಬೇಕಾಗಿತ್ತಷ್ಟೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ನಿಲಯವೊಂದನ್ನು ತೆರೆದು ‘ಆಕಾಶವಾಣಿ’ಯ ಹೆಸರಿಗೆ ನಾಂದಿ ಹಾಡಿದ್ದು ೧೯೩೫ರಲ್ಲಿ. ಅದಕ್ಕೆ ಇಪ್ಪತ್ತೈದು ವರ್ಷ ಮೊದಲು, ೧೯೧೦ನೆಯ ಇಸವಿ ಜನವರಿ ೧೩ರ ರಾತ್ರಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಲೀ ಡಿ ಫಾರೆಸ್ಟ್ ಎಂಬ ಯಂತ್ರಶಾಸ್ತ್ರಜ್ಞ ಒಂದು ಸಾಹಸ ಮಾಡಿದ. ಮೆಟ್ರೋಪಾಲಿಟನ್ ಆಪೆರಾ ಎಂಬ ಹೆಸರಾಂತ ರಂಗಮಂದಿರದಲ್ಲಿ ನಡೆಯುತ್ತಿದ್ದ ಹಾಡುಗಾರಿಕೆಯನ್ನು ತಂತಿಯ ಹಂಗಿಲ್ಲದೆ ಗಾಳಿಯಲ್ಲಿ ತೇಲಿಬಿಟ್ಟ. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಇಟ್ಟಿದ್ದ ಗ್ರಾಹಕ ಯಂತ್ರಗಳಿಗೂ ಬಂದರಿನಲ್ಲಿ ನಿಂತ ಹಡಗುಗಳಿಗೂ ಅದು ತಲುಪಿತು. ಕೇಳಿದವರ ಕಿವಿಗೆ ಬಿದ್ದುದು ಹೆಚ್ಚಾಗಿ ಗರಗರ ಸದ್ದೇ. ಆದರೂ ಆ ಗದ್ದಲವನ್ನು ಸೀಳಿಕೊಂಡು ಒಂದು ಗಂಡು ಕಂಠ ಬರುತ್ತಿತ್ತು. ಆ ಕಂಠದವನ ಹೆಸರು ಎನ್ರಿಕೋ ಕರೂಸೋ.

ಆ ಹೊತ್ತಿಗೆ ಕರೂಸೋ ಲೋಕದ ಅತ್ಯಂತ ಪ್ರಸಿದ್ಧ ಗಾಯಕ. ಅವನ ಆ ಪ್ರಸಿದ್ಧಿಯ ಕಾಲಕ್ಕಿಂತ ಅದಕ್ಕೆ ಮುಂಚಿನ ಮೂವತ್ತು ವರ್ಷಗಳ ಮೇಲೆಯೇ ನನಗೆ ಆಸಕ್ತಿ ಹೆಚ್ಚು. ಇಟಲಿಯ ನೇಪಲ್ಸ್ ನಗರದ ಒಂದು ಬಡ ಕೇರಿಯಿಂದ, ಎರಕದ ಕಾರ್ಖಾನೆಯ ಕೆಲಸಗಾರನ ಮನೆಯಿಂದ ಆ ಕಂಠ ಮೇಲೆ ಬಂದದ್ದು ಹೇಗೆ? ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಇಷ್ಟೇ.

ಮೊದಲು ಅವನ ಕಸುಬಿನ ವಿಷಯ ಒಂದೆರಡು ಮಾತು. ಆಪೆರಾ ಎಂದರೆ ಮಾತಿನ ಬದಲು ಹಾಡಿನಲ್ಲಿಯೇ ನಡೆಯುವ ನಾಟಕ. ನಟನೇ ಗಾಯಕ, ಗಾಯಕನೇ ನಟ. ಪಾಶ್ಚಾತ್ಯರು ಗಂಡಸರ ಕಂಠಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕೆಳಗಿನದು ಬೇಸ್, ನಡುವಿನದು ಬ್ಯಾರಿಟೋನ್, ಮೇಲಿನದು ಟೆನರ್. ನಾಟಕದ ನಾಯಕ, ಅಂದರೆ ಪ್ರೇಮಿಸುವವನು, ಪರಿತಪಿಸುವವನು, ಕೊನೆಯ ಅಂಕದಲ್ಲಿ ಪ್ರಾಣ ಬಿಡುವವನು, ಸಾಮಾನ್ಯವಾಗಿ ಟೆನರ್ ಆಗಿರುತ್ತಾನೆ. ನಮ್ಮ ವಿದ್ವಾಂಸರು ತಮ್ಮ ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯನ್ನು ತಾವೇ ಇಟ್ಟುಕೊಳ್ಳುತ್ತಾರೆ. ಆಪೆರಾದ ಗಾಯಕನಿಗೆ ಆ ಸ್ವಾತಂತ್ರ್ಯವಿಲ್ಲ. ಸ್ವರ ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ಕೃತಿ ರಚಿಸಿದವನು ಮೊದಲೇ ಬರೆದಿಟ್ಟಿರುತ್ತಾನೆ. ಒಂದು ಮನೆ ಶ್ರುತಿಯಲ್ಲಿ ಹಾಡುವ ನಮ್ಮ ಗಂಡು ಗಾಯಕರು ತಾರಸ್ಥಾಯಿಯ ಪಂಚಮವನ್ನು ಮುಟ್ಟಿದರೆ ಸಭೆ ತಲೆದೂಗುತ್ತದೆ. ಟೆನರ್ ಗಾಯಕನಿಂದ ಜನ ಎದುರುನೋಡುವ ‘ಮೇಲಿನ ಸಿ’ ಎಂಬ ಸ್ವರ ಆ ಶ್ರುತಿಯ ಆಧಾರ ಷಡ್ಜದಿಂದ ಎರಡು ಸ್ಥಾಯಿ ಮೇಲಿದೆ, ಎಂದರೆ ಅತಿತಾರ ಷಡ್ಜ. ಅದನ್ನು ಕಳ್ಳಕಂಠದಲ್ಲಿ ಮುಟ್ಟಿ ಬಂದರೆ ಸಾಲದು. ಎದೆ ತುಂಬಿ ಹಾಡಬೇಕು. ಮೈಕು ಇಲ್ಲದೆ, ಎದುರಿನ ಐವತ್ತು ಅರವತ್ತು ವಾದ್ಯಗಳನ್ನು ದಾಟಿ, ಮೂರು ಸಾವಿರ ಜನ ಕುಳಿತ ಮಂದಿರದ ಕಟ್ಟಕಡೆಯ ಬೆಂಚಿನವನಿಗೂ ಕೇಳಿಸಬೇಕು. ಇದು ಕಲೆಯಷ್ಟೇ ಅಲ್ಲ, ಮೈ ಬಗ್ಗಿಸಿ ಮಾಡುವ ದುಡಿಮೆಯೂ ಹೌದು.

ಕರೂಸೋ ಹುಟ್ಟಿದ್ದು ೧೮೭೩ನೆಯ ಇಸವಿ ಫೆಬ್ರವರಿ ೨೫ರಂದು. ತಂದೆ ಮಾರ್ಚೆಲ್ಲಿನೋ ಯಂತ್ರದ ಕೆಲಸಗಾರ, ಎರಕದ ಮನೆಯಲ್ಲಿ ದುಡಿಯುವವನು. ತಾಯಿ ಆನಾ. ಆ ತಾಯಿ ಇಪ್ಪತ್ತೊಂದು ಮಕ್ಕಳನ್ನು ಹೆತ್ತಳೆಂದೂ ಹದಿನೆಂಟು ಮಕ್ಕಳು ಸತ್ತವೆಂದೂ ಬಹು ಕಾಲ ಜನ ಹೇಳಿಕೊಂಡು ಬಂದರು. ಕರೂಸೋನ ಮನೆಯವರೂ ಹಾಗೆಯೇ ನಂಬಿದ್ದರು. ಆಮೇಲೆ ದಾಖಲೆಗಳನ್ನು ತೆಗೆದು ನೋಡಿದವರಿಗೆ ಸಿಕ್ಕಿದ್ದು ಏಳು ಮಕ್ಕಳ ಲೆಕ್ಕ. ಎನ್ರಿಕೋ ಮೂರನೆಯವನು. ಏಳರಲ್ಲಿ ಬದುಕುಳಿದವರು ಮೂವರೇ. ಇಪ್ಪತ್ತೊಂದು ಸುಳ್ಳಾಗಿ ಏಳು ನಿಜವಾದ ಮಾತ್ರಕ್ಕೆ ಆ ತಾಯಿಯ ದುಃಖವೇನು ಕಡಮೆಯಾಯಿತೆ? ಏಳು ಹೆತ್ತು ನಾಲ್ಕನ್ನು ಮಣ್ಣಿಗೆ ಕೊಟ್ಟವಳ ಮನೆ ಎಂಥದೆಂಬುದನ್ನು ಊಹಿಸಲು ದೊಡ್ಡ ಸಂಖ್ಯೆ ಬೇಕಾಗಿಲ್ಲ.

ನೇಪಲ್ಸ್ ಕಡಲ ತೀರದ ಚೆಲುವಾದ ಊರು. ಆದರೆ ಚೆಲುವು ಬಂಗಲೆಗಳಲ್ಲಿದ್ದವರಿಗೆ. ಕೇರಿಗಳಲ್ಲಿ ಇಕ್ಕಟ್ಟು, ಕೊಳೆ, ಕೆಟ್ಟ ನೀರು. ೧೮೮೪ರಲ್ಲಿ ಕಾಲರಾ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷವೇ ಬೆಟ್ಟದ ಬುಗ್ಗೆಗಳಿಂದ ಊರಿಗೆ ಒಳ್ಳೆಯ ನೀರು ತರುವ ಹೊಸ ಕಾಲುವೆ ತೆರೆಯಿತು. ಹೆಚ್ಚು ಕಡಮೆ ಅದೇ ಹೊತ್ತಿಗೆ, ಹನ್ನೊಂದು ವರ್ಷದ ಎನ್ರಿಕೋನನ್ನು ತಂದೆ ಪಾಲ್ಮಿಯೇರಿ ಎಂಬ ಯಂತ್ರಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿಸಿದ. ಪಾಲ್ಮಿಯೇರಿಯ ಕೆಲಸ ಬೀದಿಗಳಲ್ಲಿ ಜನ ನೀರು ಹಿಡಿಯುವ ಕಾರಂಜಿಗಳನ್ನು ಕಟ್ಟುವುದು. ಹುಡುಗ ಕೊಳವೆ ಹೊತ್ತ, ತಿರುಪು ಬಿಗಿದ, ನಕ್ಷೆ ಬರೆಯುವುದನ್ನು ಕಲಿತ. ಮುಂದೆ ತಂದೆಯೊಡನೆ ಕಾರ್ಖಾನೆಗೂ ಹೋದ. ಮಗ ಒಳ್ಳೆಯ ಮೆಕ್ಯಾನಿಕ್ ಆಗಬೇಕೆಂಬುದು ತಂದೆಯ ಆಸೆ. ಹಾಡು ಹೊಟ್ಟೆ ತುಂಬಿಸುತ್ತದೆಂದು ಅವನಿಗೆ ನಂಬಿಕೆಯಿರಲಿಲ್ಲ. ಅದರಲ್ಲಿ ತಂದೆಯ ತಪ್ಪನ್ನು ನಾನು ಕಾಣಲಾರೆ. ದಿನಗೂಲಿಯ ಮನೆಯಲ್ಲಿ ಆಸೆಗೂ ಅಳತೆ ಇರಬೇಕಾಗುತ್ತದೆ.

ತಾಯಿಯ ಯೋಚನೆ ಬೇರೆ. ಹುಡುಗ ಕೂಲಿಗೆ ಹೋದರೂ ಅಕ್ಷರ ಕಲಿಯುವುದನ್ನು ಬಿಡಕೂಡದೆಂದು ಆಕೆ ಹಟ ಹಿಡಿದಳು. ಬ್ರೋನ್ಜೆಟ್ಟಿ ಎಂಬ ಪಾದ್ರಿಯೊಬ್ಬರು ಬಡಮಕ್ಕಳಿಗೆ ಪಾಠ ಹೇಳುತ್ತಿದ್ದರು. ಚರ್ಚಿನಲ್ಲಿ ಹಾಡುವ ಹುಡುಗರ ಮೇಳವನ್ನೂ ನಡೆಸುತ್ತಿದ್ದರು. ಎನ್ರಿಕೋ ಅಲ್ಲಿ ಓದು ಕಲಿತ, ಸುಂದರವಾದ ಕೈಬರಹ ಕಲಿತ, ಸ್ವರ ಕಲಿತ. ಹಬ್ಬದ ದಿನಗಳಲ್ಲಿ ಹಾಡಿ ಸ್ವಲ್ಪ ಕಾಸನ್ನೂ ತಂದ. ಅವನ ದನಿ ದೊಡ್ಡದಾಗಬಹುದೆಂದು ಮನೆಯಲ್ಲಿ ಮೊದಲು ನಂಬಿದವಳು ತಾಯಿ.

೧೮೮೮ರ ಬೇಸಗೆಯಲ್ಲಿ ಆಕೆ ತೀರಿಕೊಂಡಳು. ಆಗ ಹುಡುಗನಿಗೆ ಹದಿನೈದು ವರ್ಷ. ಅಂದು ಹಬ್ಬದ ದಿನ, ಚರ್ಚಿನಲ್ಲಿ ಅವನ ಹಾಡು ಇತ್ತು. ತಾಯಿಯನ್ನು ಬಿಟ್ಟು ಹೋಗಲು ಅವನು ಒಪ್ಪಲಿಲ್ಲವೆಂದೂ, ಆಕೆಯೇ ಒತ್ತಾಯಿಸಿ ಕಳುಹಿಸಿದಳೆಂದೂ, ಅವನು ಹಾಡುತ್ತಿರುವಾಗಲೇ ಸುದ್ದಿ ಬಂತೆಂದೂ ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ತಂದೆ ಕೆಲವು ತಿಂಗಳಲ್ಲಿ ಮರುಮದುವೆಯಾದ. ಬಂದ ಮಲತಾಯಿ, ಕಥೆಗಳ ಮಲತಾಯಿಯಂತಲ್ಲದೆ, ಹುಡುಗನನ್ನು ಪ್ರೀತಿಯಿಂದಲೇ ನೋಡಿಕೊಂಡಳು.

ಆಮೇಲೆ ಎನ್ರಿಕೋ ಬೀದಿಗಿಳಿದ. ಕಾಫಿ ಅಂಗಡಿಗಳಲ್ಲಿ ಹಾಡಿದ. ಕಡಲ ಸ್ನಾನಕ್ಕೆ ಬಂದ ಸಿರಿವಂತರ ಮುಂದೆ ಹಾಡಿದ. ಮೆಚ್ಚಿದ ಹುಡುಗಿಯ ಕಿಟಕಿಯ ಕೆಳಗೆ ಹಾಡು ಹೇಳಿಸಬೇಕೆನ್ನುವ, ತಾನು ಹಾಡಲಾರದ ತರುಣರು ಆ ಊರಿನಲ್ಲಿ ಬಹಳ. ಅಂಥವರಿಂದ ಕಾಸು ಪಡೆದು, ಕತ್ತಲಲ್ಲಿ ನಿಂತು, ಅವರ ಪ್ರೇಮವನ್ನು ತನ್ನ ಗಂಟಲಿನಲ್ಲಿ ಹೇಳಿದ. ಹದಿನೆಂಟನೆಯ ವಯಸ್ಸಿನಲ್ಲಿ ಹೀಗೆ ಹಾಡಿ ಬಂದ ಹಣದಿಂದ ತನ್ನ ಜೀವಮಾನದ ಮೊದಲನೆಯ ಹೊಸ ಜೋಡನ್ನು ಕೊಂಡುಕೊಂಡ. ಅಲ್ಲಿಯವರೆಗೆ ಹಾಕಿದ್ದೆಲ್ಲ ಬೇರೆಯವರು ತೊಟ್ಟು ಬಿಟ್ಟವು. ಆ ಕಾಲದ ಒಂದು ಭಾವಚಿತ್ರವೂ ಉಂಟು. ತರುಣ ಗಾಯಕ ಮೈಮೇಲೆ ಹೊದಿಕೆಯನ್ನು ಹಳೆಯ ರೋಮನರಂತೆ ಗಂಭೀರವಾಗಿ ಹೊದ್ದು ಕುಳಿತಿದ್ದಾನೆ. ನೋಡಿದವರಿಗೆ ನಾಟಕದ ವೇಷವೆನ್ನಿಸಬೇಕು. ನಿಜವಾಗಿ ಅದು ಹಾಸಿಗೆಯ ದುಪ್ಪಟಿ. ಇದ್ದ ಒಂದೇ ಒಂದು ಒಳ್ಳೆಯ ಅಂಗಿ ಆ ದಿನ ಒಗೆಯಲು ಹೋಗಿತ್ತು!

೧೮೯೧ರ ಸುಮಾರಿಗೆ ಮಿಸ್ಸಿಯಾನೋ ಎಂಬ ಬ್ಯಾರಿಟೋನ್ ಗಾಯಕ ಇವನ ದನಿ ಕೇಳಿ, ಗುಲಿಯೆಲ್ಮೋ ವೆರ್ಜೀನೆ ಎಂಬ ಸಂಗೀತದ ಮೇಷ್ಟರ ಬಳಿಗೆ ಕರೆದುಕೊಂಡು ಹೋದ. ಇಂದು ನಾವು ಏನೆಂದು ಊಹಿಸುತ್ತೇವೆ? ಹುಡುಗ ಬಾಯಿ ತೆರೆದೊಡನೆ ಗುರು ಬೆರಗಾಗಿ ತಬ್ಬಿಕೊಂಡಿರಬೇಕು, ಎಂದು. ಹಾಗೇನೂ ಆಗಲಿಲ್ಲ. ದನಿ ತೀರ ಸಣ್ಣದು, ಕಿಟಕಿಯ ಸಂದಿನಲ್ಲಿ ಗಾಳಿ ಊಳಿಟ್ಟ ಹಾಗಿದೆ, ಎಂದು ಮೇಷ್ಟರು ಮುಖ ಸಿಂಡರಿಸಿದರು. ಮಿಸ್ಸಿಯಾನೋ ಮತ್ತೆ ಕಾಡಿದ ಮೇಲೆ ಪಾಠಕ್ಕೆ ಒಪ್ಪಿದರು. ಒಪ್ಪಂದ ಮಾತ್ರ ಗಟ್ಟಿಯಾಗಿತ್ತು. ಈಗ ಗುರುದಕ್ಷಿಣೆ ಬೇಡ, ಮುಂದೆ ಐದು ವರ್ಷಗಳ ‘ನಿಜವಾದ ಹಾಡುಗಾರಿಕೆ’ಯ ಸಂಪಾದನೆಯಲ್ಲಿ ಕಾಲು ಭಾಗ ಕೊಡತಕ್ಕದ್ದು ಎಂದು ಬರೆದಿತ್ತು. ಹುಡುಗ ಸಹಿ ಹಾಕಿದ. ಆ ಎರಡು ಪದಗಳ ಅರ್ಥ ಅವನಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ರಂಗದ ಮೇಲೆ ಹಾಡಿದ ದಿನಗಳನ್ನು ಮಾತ್ರ ಎಣಿಸಿ ಐದು ವರ್ಷ ತುಂಬಿಸಬೇಕೆಂದರೆ ಮುದುಕನಾಗುವವರೆಗೂ ಕಾಲು ಭಾಗ ಕೊಡುತ್ತಲೇ ಇರಬೇಕು! ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ಒಂದು ಗಂಟು ಹಣ ಕೊಟ್ಟು ಬಿಡಿಸಿಕೊಂಡ. ಬಡವರ ಮಕ್ಕಳು ಸಹಿ ಹಾಕುವ ಕಾಗದಗಳಲ್ಲಿ ಇಂಥ ಪದಗಳು ಎಲ್ಲ ದೇಶಗಳಲ್ಲಿಯೂ ಇರುತ್ತವೆ. ಆದರೂ ಒಂದು ಮಾತು ಹೇಳಲೇಬೇಕು. ದನಿಯನ್ನು ಅರಚಿ ಕೆಡಿಸಿಕೊಳ್ಳದೆ ಹಿಡಿದು ಹಾಡುವ ಶಿಸ್ತು ಅವನಿಗೆ ದೊರೆತದ್ದು ಆ ಮೇಷ್ಟರಿಂದಲೇ.

ಅಷ್ಟರಲ್ಲಿ ಸೈನ್ಯದ ಕರೆ ಬಂತು. ಆ ಕಾಲದ ಇಟಲಿಯಲ್ಲಿ ತರುಣರು ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಯಬೇಕಾಗಿತ್ತು. ಎನ್ರಿಕೋನನ್ನು ಫಿರಂಗಿ ದಳಕ್ಕೆ ಸೇರಿಸಿ ರಿಯೇತಿ ಎಂಬ ಊರಿಗೆ ಕಳುಹಿಸಿದರು. ಕುದುರೆ ಲಾಯ, ಕವಾಯತು, ದೂಳು. ಹೀಗೆ ಮೂರು ವರ್ಷ ಕಳೆದರೆ ಆ ಗಂಟಲಿನ ಗತಿಯೇನು? ಬಿಡುವಿನಲ್ಲಿ ಅವನು ಹಾಡಿಕೊಳ್ಳುವುದು ನಲ್ಯಾತಿ ಎಂಬ ಮೇಜರನ ಕಿವಿಗೆ ಬಿತ್ತು. ಆ ಅಧಿಕಾರಿ ಗದರಿಸಲಿಲ್ಲ. ಊರಿನಲ್ಲಿದ್ದ ಒಬ್ಬ ಸಂಗೀತಪ್ರಿಯ ಶ್ರೀಮಂತನ ಮನೆಗೆ ಅವನನ್ನು ಕರೆದೊಯ್ದು, ಪಿಯಾನೋದ ಜೊತೆಯಲ್ಲಿ ಅಭ್ಯಾಸ ಮಾಡಲು ಏರ್ಪಾಡು ಮಾಡಿದ. ಅಷ್ಟಕ್ಕೇ ನಿಲ್ಲಿಸದೆ ಕಾನೂನನ್ನು ಹುಡುಕಿ ನೋಡಿದ. ಅಣ್ಣನ ಬದಲು ತಮ್ಮ ಸೇವೆ ಮಾಡಬಹುದೆಂಬ ಅವಕಾಶವಿತ್ತು. ನಲವತ್ತೈದು ದಿನಗಳಾದ ಮೇಲೆ ಎನ್ರಿಕೋ ಮನೆಗೆ ಬಂದ. ಅವನ ತಮ್ಮ ಜಿಯೋವಾನ್ನಿ ಸಮವಸ್ತ್ರ ತೊಟ್ಟು ಹೊರಟ.

ಈ ಜಿಯೋವಾನ್ನಿಯ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ. ದೊಡ್ಡವರ ಚರಿತ್ರೆಯಲ್ಲಿ ಇಂಥವರಿಗೆ ಅರ್ಧ ಸಾಲು ಸಿಗುವುದೂ ಕಷ್ಟ.

೧೮೯೫ರ ಮಾರ್ಚ್ ೧೫ರಂದು ನೇಪಲ್ಸಿನ ತೆಯಾತ್ರೋ ನುವೋವೋ ಎಂಬ ರಂಗಮಂದಿರದಲ್ಲಿ ಕರೂಸೋ ಮೊದಲ ಸಲ ಆಪೆರಾದಲ್ಲಿ ಹಾಡಿದ. ಆ ನಾಟಕವನ್ನು ಇಂದು ಯಾರೂ ಆಡುವುದಿಲ್ಲ. ಆಗಲೂ ಅದು ಬೇಗನೆ ಮೂಲೆಗೆ ಸೇರಿತು. ಆಮೇಲೆ ಎರಡು ಮೂರು ವರ್ಷ ಊರೂರು ಅಲೆದಾಟ. ಸಣ್ಣ ಕಂಪೆನಿ, ಸಣ್ಣ ಸಂಬಳ. ಸಿಸಿಲಿಯ ಟ್ರಾಪಾನಿ ಎಂಬ ಊರಿನಲ್ಲಿ ನಡೆದುದೆಂದು ಒಂದು ಪ್ರಸಂಗವನ್ನು ಹೇಳುತ್ತಾರೆ. ಹಡಗಿನ ಪ್ರಯಾಣದಿಂದ ಬಳಲಿದ್ದ ಕರೂಸೋ ಆಟಕ್ಕೆ ಮುಂಚೆ ದ್ರಾಕ್ಷಾರಸ ಕುಡಿದು ಮಲಗಿ, ಎದ್ದು ರಂಗಕ್ಕೆ ಹೋದವನು ಒಂದು ಪದವನ್ನು ತಪ್ಪಾಗಿ ಹಾಡಿಬಿಟ್ಟನಂತೆ. ಸ್ಕಾಟ್ಲೆಂಡಿನ ಭವಿಷ್ಯವನ್ನು ಕುರಿತ ಸಾಲಿನಲ್ಲಿ ಭವಿಷ್ಯ ಹೋಗಿ ನರಿಗಳು ಬಂದವು. ಜನ ಕೂಗಾಡಿದರು. ಯಜಮಾನ ಅವನನ್ನು ತೆಗೆದುಹಾಕಿದ. ಮರುದಿನ ಬಂದ ಬದಲಿ ಗಾಯಕನ ಹಾಡು ಕೇಳಲಾರದೆ ಅದೇ ಜನ, ನಮ್ಮ ಕುಡುಕನನ್ನೇ ಕರೆಸಿರಿ, ಎಂದು ಗಲಾಟೆ ಮಾಡಿದರಂತೆ!

ನಗು ಬರುವ ಕಥೆ ನಿಜ. ಅವನನ್ನು ನಿಜವಾಗಿ ಕಾಡುತ್ತಿದ್ದ ದೋಷವೇ ಬೇರೆ. ಮೇಲಿನ ಸ್ವರಗಳಿಗೆ ಹೋದಾಗ ದನಿ ಒಡೆಯುತ್ತಿತ್ತು. ಅವನ ಕಂಠ ಹುಟ್ಟಿನಿಂದ ಕೊಂಚ ಕಪ್ಪು ಬಣ್ಣದ್ದು, ಬ್ಯಾರಿಟೋನಿನ ಕಡೆಗೆ ವಾಲಿದ್ದು. ಟೆನರ್ ಗಾಯಕನಿಗೆ ಮೇಲಿನ ಸ್ವರಗಳೇ ಅನ್ನ. ಅವು ಇಲ್ಲದಿದ್ದರೆ ಎರಕದ ಮನೆಗೆ ಹಿಂತಿರುಗಬೇಕಾದದ್ದೇ. ಆಗ ದೊರೆತವನು ವಿನ್ಚೆನ್ಜೋ ಲೊಂಬಾರ್ದಿ. ಅವನು ವಾದ್ಯವೃಂದದ ನಿರ್ವಾಹಕ, ಕಂಠದ ಒಳಗುಟ್ಟು ಬಲ್ಲವನು. ಉಸಿರನ್ನು ಹೊಟ್ಟೆಯ ಬುಡದಿಂದ ಹೇಗೆ ಆತು ಹಿಡಿಯಬೇಕು, ಗಂಟಲನ್ನು ಬಿಗಿಯದೆ ಮೇಲಿನ ಸ್ವರವನ್ನು ಹೇಗೆ ಬಿಡಬೇಕು ಎಂಬುದನ್ನು ಬಿಡದೆ ತಿದ್ದಿದ. ಒಡೆಯುತ್ತಿದ್ದ ದನಿ ನಿಂತಿತು. ನಿಂತದ್ದು ಬೆಳೆಯಿತು. ಕೆಳಗಿನ ಕಪ್ಪು ಬಣ್ಣ ಹೋಗದೆ ಮೇಲಿನ ಬೆಳಕು ಸೇರಿಕೊಂಡಿತು. ಮುಂದೆ ಲೋಕವೆಲ್ಲ ಹೊಗಳಿದ್ದು ಈ ಎರಡರ ಬೆಸುಗೆಯನ್ನೇ.

ಆ ಕೆಳಗಿನ ಬಣ್ಣ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಮುಂದೆ ನಡೆದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೧೩ರಲ್ಲಿ ಫಿಲಡೆಲ್ಫಿಯಾದಲ್ಲಿ ಪುಚ್ಚಿನಿಯ ‘ಲಾ ಬೊಹೇಮ್’ ನಡೆಯುತ್ತಿತ್ತು. ಬೇಸ್ ಗಾಯಕನಿಗೆ ಆಟದ ನಡುವೆ ದನಿ ಕಟ್ಟಿಹೋಯಿತು. ಅವನು ತನ್ನ ಹಳೆಯ ಕೋಟಿಗೆ ವಿದಾಯ ಹೇಳುವ ಹಾಡು ಇನ್ನೂ ಬಾಕಿ. ಪಕ್ಕದಲ್ಲಿದ್ದ ಕರೂಸೋ ಸಭೆಗೆ ಬೆನ್ನು ಮಾಡಿ ನಿಂತು ಆ ಹಾಡನ್ನು ತಾನೇ ಹಾಡಿಬಿಟ್ಟ. ಸಭೆಯಲ್ಲಿ ಹೆಚ್ಚಿನವರಿಗೆ ಬದಲಾದುದು ತಿಳಿಯಲೇ ಇಲ್ಲ. ಟೆನರ್ ಒಬ್ಬ ಬೇಸ್ ಆದ ಆ ಹಾಡನ್ನು ಅವನು ಮುಂದೆ ಗ್ರಾಮಫೋನಿಗೂ ಕೊಟ್ಟ. ಇಂದಿಗೂ ಕೇಳಬಹುದು.

೧೮೯೮ರ ನವೆಂಬರಿನಲ್ಲಿ ಮಿಲಾನ್ ನಗರದಲ್ಲಿ ಜೋರ್ದಾನೋ ರಚಿಸಿದ ‘ಫೆಡೋರಾ’ ಎಂಬ ಹೊಸ ಆಪೆರಾದ ಮೊದಲ ಪ್ರದರ್ಶನ. ಅದರ ನಾಯಕ ಕರೂಸೋ. ಅಂದಿನಿಂದ ಅವನ ದೆಸೆ ತಿರುಗಿತು. ರಷ್ಯಕ್ಕೆ ಹೋದ, ದಕ್ಷಿಣ ಅಮೆರಿಕಕ್ಕೆ ಹೋದ. ೧೯೦೦ರ ಡಿಸೆಂಬರ್ ೨೬ರಂದು ಇಟಲಿಯ ಗಾಯಕರಿಗೆ ದೇವಸ್ಥಾನದಂತಿರುವ ಲಾ ಸ್ಕಾಲಾದಲ್ಲಿ, ತೊಸ್ಕಾನೀನಿಯ ನಿರ್ವಹಣೆಯಲ್ಲಿ ಹಾಡಿದ.

ಈಗ ಹುಟ್ಟೂರಿನಲ್ಲಿ ಹಾಡಬೇಕೆಂಬ ಆಸೆ. ಯಾರಿಗಿರುವುದಿಲ್ಲ? ಬರಿಗಾಲಿನಲ್ಲಿ ಅಲೆದ ಬೀದಿಗೆ ಹೆಸರು ಹೊತ್ತು ಹಿಂತಿರುಗುವುದು ಎಲ್ಲ ಬಡ ಹುಡುಗರ ಕನಸು. ೧೯೦೧ರ ಡಿಸೆಂಬರ್ ಕೊನೆಯಲ್ಲಿ ನೇಪಲ್ಸಿನ ಹೆಮ್ಮೆಯ ಸಾನ್ ಕಾರ್ಲೋ ಮಂದಿರದಲ್ಲಿ ಅವನ ಹಾಡು ಏರ್ಪಾಡಾಯಿತು. ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಗಾಯಕನಾದವನು ಮುಂಚಿತವಾಗಿ ಊರಿನ ರಸಿಕಪ್ರಮುಖರ ಮನೆಗೆ ಹೋಗಿ ಕೈ ಮುಗಿದು ಬರಬೇಕು. ಇವನು ಹೋಗಲಿಲ್ಲ. ಆ ರಾತ್ರಿ ಸಭೆ ತಣ್ಣಗಿತ್ತು, ಸಿಳ್ಳೂ ಬಂತು. ಮರುದಿನದ ಪತ್ರಿಕೆಯಲ್ಲಿ ಕಟುವಾದ ವಿಮರ್ಶೆ. ಮುಂದಿನ ಆಟಗಳಲ್ಲಿ ಜನ ಮೆಚ್ಚಿಕೊಂಡರೂ ಗಾಯ ಮಾಯಲಿಲ್ಲ. ಇನ್ನು ಈ ಊರಿನಲ್ಲಿ ಹಾಡುವುದಿಲ್ಲ, ಬಂದರೆ ಇಲ್ಲಿಯ ಶಾವಿಗೆ ತಿನ್ನುವುದಕ್ಕೆ ಮಾತ್ರ ಬರುತ್ತೇನೆ, ಎಂದು ಶಪಥ ಮಾಡಿದ. ಬದುಕಿರುವವರೆಗೂ ಆ ಮಾತಿಗೆ ತಪ್ಪಲಿಲ್ಲ. ಸಾವಿರಾರು ಜನರ ಮುಂದೆ ಹಾಡಿದವನ ಹಾಡು ಅವನ ಕೇರಿಯವರಿಗೆ ಆಮೇಲೆ ದೊರೆಯಲಿಲ್ಲ. ಯಾರು ಯಾರಿಗೆ ಅನ್ಯಾಯ ಮಾಡಿದರೆಂದು ಹೇಳುವುದು ಸುಲಭವಲ್ಲ. ಸಿಳ್ಳು ಹಾಕಿದವರು ಮುಂದಿನ ಸಾಲಿನವರು. ಶಿಕ್ಷೆಯಾದದ್ದು ಇಡೀ ಊರಿಗೆ.

ಆದರೆ ಊರಿಗೆ ಬಾಗಿಲು ಮುಚ್ಚಿದ ಮೂರು ತಿಂಗಳಲ್ಲಿಯೇ ಇನ್ನೊಂದು ಬಾಗಿಲು ತೆರೆಯಿತು. ೧೯೦೨ರ ಏಪ್ರಿಲ್ ೧೧ರಂದು ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪೆನಿಯ ಮನುಷ್ಯ ಮಿಲಾನಿನ ಒಂದು ಹೋಟೆಲಿನ ಕೋಣೆಯಲ್ಲಿ ತನ್ನ ಯಂತ್ರವನ್ನು ಹೂಡಿಕೊಂಡು ಕರೂಸೋನನ್ನು ಕರೆಸಿದ. ಹತ್ತು ಹಾಡು, ನೂರು ಪೌಂಡು. ಇಷ್ಟು ಹಣ ಕೊಡಕೂಡದೆಂದು ಲಂಡನ್ನಿನ ಕಚೇರಿ ತಂತಿ ಕಳುಹಿಸಿತ್ತೆಂದೂ, ತಾನು ಅದನ್ನು ಲೆಕ್ಕಿಸದೆ ಮುಂದುವರಿದೆನೆಂದೂ ಗೈಸ್‌ಬರ್ಗ್ ಆಮೇಲೆ ಹೇಳಿಕೊಂಡ. ಕರೂಸೋ ಬಂದು, ಒಂದರ ಮೇಲೊಂದರಂತೆ ಹತ್ತನ್ನೂ ಹಾಡಿ, ಊಟಕ್ಕೆ ಹೋದ.

ಆ ಕಾಲದ ಧ್ವನಿಮುದ್ರಣದಲ್ಲಿ ಮೈಕು ಇಲ್ಲ, ವಿದ್ಯುತ್ತಿಲ್ಲ. ಗೋಡೆಯ ಹತ್ತಿರ ಒಂದು ತಗಡಿನ ಕೊಂಬು, ಅದರ ಹಿಂದೆ ಒಂದು ತೆಳುವಾದ ಪೊರೆ, ಪೊರೆಗೆ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ದನಿಯ ಬಲದಿಂದಲೇ ಸೂಜಿ ಅದುರಿ ಮೇಣದಲ್ಲಿ ಗೀರು ಬರೆಯಬೇಕು. ಪಿಟೀಲಿನ ನಯವಾದ ನಾದ ಆ ಕೊಂಬಿಗೆ ಹತ್ತುತ್ತಿರಲಿಲ್ಲ. ತೀರ ತಗ್ಗಿನ ಸ್ವರಗಳು ಕರಗಿಹೋಗುತ್ತಿದ್ದವು. ಆದರೆ ಗಂಡಿನ ತುಂಬು ಟೆನರ್ ದನಿ ಆ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿಯವರೆಗೆ ಗ್ರಾಮಫೋನನ್ನು ಆಟಿಕೆಯೆಂದು ತಿಳಿದಿದ್ದ ದೊಡ್ಡ ಗಾಯಕರು ಕರೂಸೋನ ತಟ್ಟೆಗಳನ್ನು ಕೇಳಿದ ಮೇಲೆ ತಾವೂ ಬರತೊಡಗಿದರು. ಅವನು ಯಂತ್ರಕ್ಕೆ ಮರ್ಯಾದೆ ತಂದ. ಯಂತ್ರ ಅವನಿಗೆ ಕೀರ್ತಿ ತಂದಿತು.

ಇದೇ ಗೈಸ್‌ಬರ್ಗ್ ಅದೇ ವರ್ಷ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ಅದೇ ಬಗೆಯ ಕೊಂಬಿನ ಮುಂದೆ ನಿಂತು ಹಾಡಿದವರು ಗೌಹರ್ ಜಾನ್. ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದ ಆ ಗಾಯಕಿ ಹುಟ್ಟಿದ್ದೂ ೧೮೭೩ರಲ್ಲಿ, ಕರೂಸೋ ಹುಟ್ಟಿದ ವರ್ಷದಲ್ಲಿಯೇ. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಅವರಿಗೆ ಆಶ್ರಯ ದೊರೆಯಿತು. ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಒಬ್ಬ ಮನುಷ್ಯ, ಒಂದೇ ವರ್ಷ, ಒಂದೇ ವಯಸ್ಸಿನ ಎರಡು ಕಂಠಗಳನ್ನು ಮೇಣದಲ್ಲಿ ಹಿಡಿದಿಟ್ಟ. ಒಂದು ನೇಪಲ್ಸಿನ ಕೇರಿಯದು. ಇನ್ನೊಂದು ಮೈಸೂರಿನ ಮಣ್ಣಿನಲ್ಲಿ ಒರಗಿದ್ದು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಏಕೆಂದರೆ ಯಶಸ್ಸಿನ ಕಥೆ ಎಲ್ಲರದೂ ಒಂದೇ ತೆರ. ೧೯೦೨ರ ಮೇ ತಿಂಗಳಲ್ಲಿ ಲಂಡನ್ನು, ೧೯೦೩ರ ನವೆಂಬರ್ ೨೩ರಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್. ಅಲ್ಲಿ ಮೊದಲ ರಾತ್ರಿಯ ವಿಮರ್ಶೆಗಳು ಅಳೆದು ತೂಗಿಯೇ ಬಂದವು. ಆದರೆ ಜನ ಅವನನ್ನು ಬಿಡಲಿಲ್ಲ. ಆ ಮಂದಿರದ ಕಂಪೆನಿಯೊಡನೆ ಎಂಟುನೂರಕ್ಕೂ ಹೆಚ್ಚು ಸಲ ಹಾಡಿದ. ಇನ್ನೂರಕ್ಕೂ ಹೆಚ್ಚು ತಟ್ಟೆಗಳನ್ನು ಬಿಟ್ಟುಹೋದ. ಮಿತ್ರರ ವ್ಯಂಗ್ಯಚಿತ್ರ ಬರೆದು ನಗಿಸಿದ. ಪಾಲ್ಮಿಯೇರಿಯ ಅಂಗಡಿಯಲ್ಲಿ ನಕ್ಷೆ ಬರೆದ ಕೈಯಲ್ಲವೆ ಅದು? ಇಷ್ಟಾದರೂ ಪ್ರತಿ ರಾತ್ರಿಯೂ ರಂಗಕ್ಕೆ ಹೋಗುವ ಮುಂಚೆ ಅವನಿಗೆ ನಡುಕ ತಪ್ಪಲಿಲ್ಲ. ೧೯೨೦ರ ಡಿಸೆಂಬರ್ ೧೧ರಂದು ಬ್ರೂಕ್ಲಿನ್ನಿನಲ್ಲಿ ಹಾಡುತ್ತಿರುವಾಗ ಬಾಯಿಂದ ರಕ್ತ ಬಂತು. ಕರವಸ್ತ್ರದ ಮೇಲೆ ಕರವಸ್ತ್ರ ತೊಯ್ದರೂ ಆ ಅಂಕವನ್ನು ಮುಗಿಸಿಯೇ ನಿಲ್ಲಿಸಿದ. ಅದೇ ತಿಂಗಳ ೨೪ರಂದು ನ್ಯೂಯಾರ್ಕಿನಲ್ಲಿ ಕೊನೆಯ ಹಾಡು. ಎದೆಯ ಪೊರೆಯಲ್ಲಿ ಕೀವು ಸೇರಿತ್ತು. ಆಗಿನ್ನೂ ಪೆನಿಸಿಲಿನ್ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆದರೂ ಫಲವಾಗಲಿಲ್ಲ. ೧೯೨೧ರ ಆಗಸ್ಟ್ ೨ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ತಾನು ಹಾಡಲೊಲ್ಲೆನೆಂದ ಹುಟ್ಟೂರಿನಲ್ಲಿಯೇ ಕಣ್ಣು ಮುಚ್ಚಿದ.

ಇಂಥ ಚರಿತ್ರೆಯನ್ನು ಕೇಳಿದಾಗ, ಬಡತನವೇ ಅವನನ್ನು ದೊಡ್ಡವನನ್ನಾಗಿ ಮಾಡಿತು, ಎಂದು ಹೇಳುವುದು ರೂಢಿ. ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬಂದೇ ಬರುತ್ತಾನೆ, ಎಂದೂ ಹೇಳುತ್ತೇವೆ. ಹಾಗೆ ಹೇಳಿದರೆ ನಮ್ಮ ಮನಸ್ಸಿಗೆ ನೆಮ್ಮದಿ. ಆದರೆ ಅದು ನಿಜವಲ್ಲವೆಂದು ನನಗೆ ಗೊತ್ತಿದೆ.

ನಾನು ಹುಡುಗನಾಗಿದ್ದಾಗ ನಮ್ಮ ಊರಿನ ಸಂತೆಬೀದಿಯ ತಿರುವಿನಲ್ಲಿ ಒಂದು ಕುಲುಮೆ ಇತ್ತು. ಅಲ್ಲಿ ತಿದಿಯೊತ್ತುವುದಕ್ಕೆ ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗ. ಭಜನೆಯ ಪದಗಳನ್ನೂ ನಾಟಕದ ಹಾಡುಗಳನ್ನೂ ಒಮ್ಮೆ ಕೇಳಿದರೆ ಸಾಕು, ಹಾಡಿಬಿಡುತ್ತಿದ್ದ. ಸುತ್ತಿಗೆಯ ಸದ್ದಿನ ಮೇಲೆ ಅವನ ದನಿ ಬೀದಿಯ ಕೊನೆಯವರೆಗೆ ಬರುತ್ತಿತ್ತು. ಶಾಲೆಯಿಂದ ಬರುವ ನಾವು ನಿಂತು ಕೇಳುತ್ತಿದ್ದೆವು. ದೊಡ್ಡವರೂ ನಿಲ್ಲುತ್ತಿದ್ದರು. ಏನು ಕಂಠವಯ್ಯಾ, ದೇವರು ಕೊಟ್ಟದ್ದು, ಎನ್ನುತ್ತಿದ್ದರು. ಹೇಳಿ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ನಮ್ಮ ಮನೆಗೇ ವಾರಕ್ಕೆ ಎರಡು ದಿನ ಸಂಗೀತದ ಮೇಷ್ಟರು ಬರುತ್ತಿದ್ದರು. ಶ್ರುತಿ ಸೇರದ ನನ್ನ ಗಂಟಲನ್ನು ಅವರು ನಾಲ್ಕು ವರ್ಷ ತಿದ್ದಿದರು. ಬೀದಿಯ ತಿರುವಿನಿಂದ ಆ ಹುಡುಗನನ್ನು ಕರೆದು ನನ್ನ ಪಕ್ಕದಲ್ಲಿ ಕೂರಿಸಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ. ಹತ್ತು ವರ್ಷ ಕಳೆದು ಊರಿಗೆ ಹೋದಾಗ ಅವನು ಅದೇ ಕುಲುಮೆಯಲ್ಲಿದ್ದ. ಹೊಗೆಯಿಂದ ದನಿ ಒಡೆದಿತ್ತು. ಹಾಡುವೆಯಾ, ಎಂದು ಕೇಳಿದೆ. ಅದೆಲ್ಲ ಹುಡುಗಾಟಿಕೆ ಸ್ವಾಮಿ, ಎಂದು ನಕ್ಕ.

ಕರೂಸೋನಿಗೂ ನಮ್ಮ ಕುಲುಮೆಯ ಹುಡುಗನಿಗೂ ಕಂಠದಲ್ಲಿ ಎಷ್ಟು ಅಂತರವಿತ್ತೋ ಹೇಳಲು ನಾನು ಯೋಗ್ಯನಲ್ಲ. ಆದರೆ ಇನ್ನೊಂದು ಅಂತರ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನಿಗೆ ಅಕ್ಷರ ಬಿಡಿಸದ ತಾಯಿ ಇದ್ದಳು. ಕೂರಿಸಿ ಕಲಿಸಿದ ಪಾದ್ರಿಯಿದ್ದರು. ಕೈ ಹಿಡಿದು ಮೇಷ್ಟರ ಬಾಗಿಲಿಗೆ ಎರಡೆರಡು ಸಲ ಕರೆದೊಯ್ದ ಸಹಗಾಯಕನಿದ್ದ. ಕಾನೂನು ಹುಡುಕಿದ ಮೇಜರನಿದ್ದ. ಒಡೆದ ದನಿಯನ್ನು ಬೆಸೆದ ಲೊಂಬಾರ್ದಿಯಿದ್ದ. ಎಲ್ಲಕ್ಕಿಂತ ಮಿಗಿಲಾಗಿ ತನ್ನ ತಾರುಣ್ಯದ ದಿನಗಳನ್ನು ಅಣ್ಣನಿಗಾಗಿ ಕವಾಯತಿನ ಮೈದಾನದಲ್ಲಿ ಕಳೆದ ಜಿಯೋವಾನ್ನಿ ಇದ್ದ. ಇವರಲ್ಲಿ ಯಾವ ಒಬ್ಬರು ‘ನನಗೇಕೆ’ ಎಂದಿದ್ದರೂ ಆ ಕಂಠ ನೇಪಲ್ಸಿನ ಕೇರಿಯಲ್ಲಿಯೇ ಆರಿಹೋಗುತ್ತಿತ್ತು. ಲೋಕಕ್ಕೆ ಅದು ತಿಳಿಯುತ್ತಲೂ ಇರಲಿಲ್ಲ. ನಷ್ಟವಾದದ್ದೇ ತಿಳಿಯದಿರುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಕೀರ್ತಿವಂತನಾದ ಮೇಲೆ ಕರೂಸೋ ನೇಪಲ್ಸಿಗೆ ಬಂದಾಗಲೆಲ್ಲ ಜೊತೆಯವರಿಗೆ ಒಂದು ಬೀದಿಯ ಕಾರಂಜಿಯನ್ನು ತೋರಿಸಿ ಸಂತೋಷಪಡುತ್ತಿದ್ದನಂತೆ. ಹುಡುಗನಾಗಿದ್ದಾಗ ತಾನು ಕೈಯಾರೆ ಕೂರಿಸಲು ನೆರವಾದ ಕಾರಂಜಿ ಅದು. ತಾನು ಹಾಡಿದ ರಂಗಮಂದಿರವನ್ನು ತೋರಿಸಲಿಲ್ಲ, ಕಾರಂಜಿಯನ್ನು ತೋರಿಸಿದ. ನೀರು ದೂರದ ಬೆಟ್ಟದಲ್ಲಿ ಹುಟ್ಟುತ್ತದೆ, ನಿಜ. ಆದರೆ ಕೊಳವೆಗೆ ಕೊಳವೆ ಜೋಡಿಸಿ, ತಿರುಪು ಬಿಗಿದು, ಬೀದಿಯವರೆಗೆ ತರುವ ಕೈಗಳಿಲ್ಲದಿದ್ದರೆ ಅದು ಯಾರ ಬಾಯಾರಿಕೆಯನ್ನೂ ಕಳೆಯುವುದಿಲ್ಲ. ಆ ಕೆಲಸ ಮಾಡಿದವನಿಗೆ ಅದು ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

ನಮ್ಮ ನಿಮ್ಮ ಬೀದಿಗಳಲ್ಲಿಯೂ ಈ ಸಂಜೆ ಯಾರೋ ಒಬ್ಬ ಹುಡುಗ ಅಥವಾ ಹುಡುಗಿ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿರಬಹುದು. ರೇಡಿಯೋದ ಸದ್ದನ್ನು ಒಂದು ಕ್ಷಣ ತಗ್ಗಿಸಿ ಕಿವಿಗೊಟ್ಟರೆ ಕೇಳಿಸೀತು. ಕೇಳಿಸಿದರೆ, ಹೊಗಳಿ ಮನೆಗೆ ಹೋಗಬೇಡಿ.